ಕೀಲಿಮಣೆಯ ಮೇಲಿನ ಸಾಲು: ಫಂಕ್ಷನ್ ಕೀಲಿಗಳನ್ನು ಕೆಲಸಕ್ಕೆ ಹಚ್ಚುವ ಬಗೆ

ಕೋಲಾರ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘವಿರಲಿ, ಗ್ರಾಮ ಪಂಚಾಯಿತಿ ಕಚೇರಿಯಿರಲಿ, ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಿರಲಿ, ಅಲ್ಲಿಯ ಹಳೆಯ ಕೀಲಿಮಣೆಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಅಕ್ಷರದ ಕೀಲಿಗಳು ಬರಹ ಅಳಿಸಿಹೋಗುವಷ್ಟು ಸವೆದಿರುತ್ತವೆ, ಎಂಟರ್ ಕೀಲಿ ಹೊಳಪೇರಿರುತ್ತದೆ, ಆದರೆ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿರುವ ಎಫ್1ರಿಂದ ಎಫ್12ರವರೆಗಿನ ಕೀಲಿಗಳು ಕೊಂಡು ತಂದ ದಿನದಂತೆಯೇ ಉಳಿದಿರುತ್ತವೆ. ಬಳಸಿದರೆ ದಿನದ ಎಷ್ಟೋ ಕೆಲಸವನ್ನು ಹಗುರ ಮಾಡುವ ಈ ಕೀಲಿಗಳು ಹೀಗೆ ಬಳಕೆಯಿಲ್ಲದೆ ಉಳಿಯಲು ಅವುಗಳ ಕಷ್ಟ ಕಾರಣವಲ್ಲ, ಅವುಗಳನ್ನು ಕಲಿಸುವ ಕ್ರಮವೇ ಕಾರಣ.

ಎಫ್1 ಎಂದರೆ ಸಹಾಯ, ಎಫ್2 ಎಂದರೆ ಹೆಸರು ಬದಲಾವಣೆ, ಎಫ್5 ಎಂದರೆ ರಿಫ್ರೆಶ್ ಎಂಬ ಹನ್ನೆರಡು ಸಾಲಿನ ಪಟ್ಟಿಯೊಂದು ಕಂಪ್ಯೂಟರ್ ತರಗತಿಗಳಲ್ಲಿಯೂ ವಾಟ್ಸಾಪ್ ಗುಂಪುಗಳಲ್ಲಿಯೂ ಸುತ್ತುತ್ತಿರುತ್ತದೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡವರು ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯಲ್ಲಿ ಎಫ್5 ಒತ್ತಿದರೆ ಪಾವತಿ ವೋಚರ್ ತೆರೆದುಕೊಳ್ಳುತ್ತದೆ. ಪವರ್‌ಪಾಯಿಂಟ್‌ನಲ್ಲಿ ಒತ್ತಿದರೆ ಸ್ಲೈಡ್ ಪ್ರದರ್ಶನ ಆರಂಭವಾಗುತ್ತದೆ. ನೋಟ್‌ಪ್ಯಾಡ್‌ನಲ್ಲಿ ಒತ್ತಿದರೆ ಆ ಹೊತ್ತಿನ ಸಮಯ ಮತ್ತು ದಿನಾಂಕ ಮೂಡುತ್ತದೆ. ಫಂಕ್ಷನ್ ಕೀಲಿಗೆ ತನ್ನದೇ ಆದ ಕೆಲಸವಿಲ್ಲ; ಆ ಕ್ಷಣದಲ್ಲಿ ಪರದೆಯ ಮೇಲೆ ಮುಂದಿರುವ ತಂತ್ರಾಂಶ ಯಾವ ಕೆಲಸವನ್ನು ವಹಿಸಿದೆಯೋ ಅದನ್ನು ಅದು ಮಾಡುತ್ತದೆ. ಆದ್ದರಿಂದ ಇಲ್ಲಿ ಕೀಲಿಗಳ ಅಂಕಿಯ ಕ್ರಮವನ್ನು ಬಿಟ್ಟು, ಕೆಲಸದ ಕ್ರಮವನ್ನು ಹಿಡಿದಿದ್ದೇನೆ. ಹನ್ನೆರಡನ್ನೂ ಕಲಿಯುವ ಅಗತ್ಯ ಯಾರಿಗೂ ಇಲ್ಲ. ಎಫ್2, ಎಫ್4, ಎಫ್5 ಮತ್ತು ಎಫ್12 ಕೈಗೆ ಒಗ್ಗಿದರೆ ಸಾಮಾನ್ಯ ಕಚೇರಿ ಕೆಲಸಕ್ಕೆ ಬಹುಮಟ್ಟಿಗೆ ಸಾಕು.

ಮುಂದೆ ಹೇಳುವುದೆಲ್ಲ ವಿಂಡೋಸ್ 10 ಮತ್ತು 11 ಇರುವ ಕಂಪ್ಯೂಟರ್‌ಗಳಿಗೆ ಹಾಗೂ ಮೈಕ್ರೋಸಾಫ್ಟ್ ಆಫೀಸ್‌ಗೆ ಅನ್ವಯಿಸುತ್ತದೆ. ಬೇರೆಯಾಗುವ ಕಡೆ ಅದನ್ನು ಅಲ್ಲಿಯೇ ತಿಳಿಸಲಾಗಿದೆ. "ಕಂಟ್ರೋಲ್ + ಎಫ್5" ಎಂದು ಬರೆದಿರುವಲ್ಲಿ ಮೊದಲನೆಯ ಕೀಲಿಯನ್ನು ಒತ್ತಿ ಹಿಡಿದುಕೊಂಡು ಎರಡನೆಯದನ್ನು ಒಮ್ಮೆ ತಟ್ಟಬೇಕು.

ಮೊದಲಿಗೆ ಲ್ಯಾಪ್‌ಟಾಪ್‌ನ ಎಫ್‌ಎನ್ ಕೀಲಿ

ಡೆಸ್ಕ್‌ಟಾಪ್ ಕಂಪ್ಯೂಟರಿನ ಸಾಧಾರಣ ಕೀಲಿಮಣೆಯಲ್ಲಿ ಈ ತೊಡಕು ಇರುವುದಿಲ್ಲ, ಆದ್ದರಿಂದ ಅಂಥವರು ಈ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಒಂದೇ ಕೀಲಿಯ ಮೇಲೆ ಎರಡು ಗುರುತುಗಳಿರುತ್ತವೆ: ಒಂದು ಎಫ್ ಅಂಕಿ, ಇನ್ನೊಂದು ಧ್ವನಿ, ಪರದೆಯ ಬೆಳಕು, ವೈಫೈ ಮುಂತಾದವುಗಳ ಚಿತ್ರ. ಇತ್ತೀಚಿನ ಬಹುತೇಕ ಲ್ಯಾಪ್‌ಟಾಪ್‌ಗಳನ್ನು ಚಿತ್ರದ ಕೆಲಸವೇ ಮೊದಲು ನಡೆಯುವಂತೆ ಹೊಂದಿಸಿ ಮಾರುವುದರಿಂದ, ಎಫ್2 ಒತ್ತಿ ಫೈಲಿನ ಹೆಸರು ಬದಲಾಯಿಸಲು ಹೊರಟವರಿಗೆ ಧ್ವನಿ ಕಡಿಮೆಯಾಗುವುದೋ ಪರದೆ ಮಂಕಾಗುವುದೋ ಕಾಣುತ್ತದೆ. "ನನ್ನ ಕಂಪ್ಯೂಟರಿನಲ್ಲಿ ಈ ಕೀಲಿಗಳು ಕೆಲಸ ಮಾಡುವುದಿಲ್ಲ" ಎಂಬ ದೂರಿನ ಮೂಲ ಹೆಚ್ಚಾಗಿ ಇದೇ ಆಗಿರುತ್ತದೆ.

ನಿಮ್ಮ ಯಂತ್ರ ಯಾವ ರೀತಿಯದೆಂದು ತಿಳಿಯಲು ಬ್ರೌಸರ್‌ನಲ್ಲಿ ಯಾವುದಾದರೊಂದು ಪುಟವನ್ನು ತೆರೆದು ಎಫ್5 ಒತ್ತಿ. ಪುಟ ಮತ್ತೊಮ್ಮೆ ಲೋಡ್ ಆದರೆ ಮಾಡಬೇಕಾದುದೇನೂ ಇಲ್ಲ. ಬೇರೇನಾದರೂ ಆದರೆ, ಕೀಲಿಮಣೆಯ ಕೆಳಗಿನ ಎಡಮೂಲೆಯ ಬಳಿ ಇರುವ ಎಫ್‌ಎನ್ ಎಂಬ ಕೀಲಿಯನ್ನು ಹಿಡಿದುಕೊಂಡು ಎಫ್5 ಒತ್ತಿ. ಈಗ ಪುಟ ಲೋಡ್ ಆಗುತ್ತದೆ. ಪ್ರತಿ ಸಲವೂ ಹೀಗೆ ಎರಡು ಕೀಲಿ ಒತ್ತುವುದು ಬೇಸರದ ಕೆಲಸವಾದ್ದರಿಂದ ಅದನ್ನು ಶಾಶ್ವತವಾಗಿ ತಿರುಗಿಸಿಕೊಳ್ಳುವುದು ಒಳ್ಳೆಯದು. ಲೆನೊವೊ ಮತ್ತು ಡೆಲ್ ಕಂಪನಿಗಳ ಬಹಳಷ್ಟು ಮಾದರಿಗಳಲ್ಲಿ ಎಫ್‌ಎನ್ + ಎಸ್ಕೇಪ್ ಒತ್ತಿದರೆ ಸಾಕು, ಮೇಲಿನ ಸಾಲು ನೇರವಾಗಿ ಎಫ್ ಕೀಲಿಗಳಾಗಿ ಕೆಲಸ ಮಾಡತೊಡಗುತ್ತದೆ. ಮತ್ತೆ ಅದನ್ನೇ ಒತ್ತಿದರೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಎಸ್ಕೇಪ್ ಕೀಲಿಯ ಮೇಲೆ ಸಣ್ಣ ಬೀಗದ ಚಿತ್ರವಿದ್ದರೆ ಈ ಸೌಲಭ್ಯವಿದೆ ಎಂದೇ ತಿಳಿಯಬಹುದು. ಎಚ್‌ಪಿ ಕಂಪನಿಯ ಹಲವು ಮಾದರಿಗಳಲ್ಲಿ ಇದು ಬಯೋಸ್ ಒಳಗಿದೆ, ಅಂದರೆ ವಿಂಡೋಸ್ ತೆರೆಯುವ ಮೊದಲೇ ಯಂತ್ರವನ್ನು ಹೊಂದಿಸುವ ಪರದೆಯೊಳಗಿದೆ: ಲ್ಯಾಪ್‌ಟಾಪ್ ಚಾಲೂ ಮಾಡುತ್ತಿದ್ದಂತೆ ಎಫ್10 ಕೀಲಿಯನ್ನು ತಟ್ಟುತ್ತಾ ಬಯೋಸ್ ಪ್ರವೇಶಿಸಿ, ಸಿಸ್ಟಮ್ ಕಾನ್ಫಿಗರೇಷನ್ ಎಂಬ ಭಾಗದಲ್ಲಿ ಆ್ಯಕ್ಷನ್ ಕೀಸ್ ಮೋಡ್ ಎಂಬುದನ್ನು ಡಿಸೇಬಲ್ಡ್ ಎಂದು ಬದಲಾಯಿಸಿ, ಉಳಿಸಿ ಹೊರಬರಬೇಕು. ಬಯೋಸ್‌ನಲ್ಲಿ ಬೇರೆ ಯಾವುದನ್ನೂ ಮುಟ್ಟಬೇಡಿ. ಆ್ಯಪಲ್ ಮ್ಯಾಕ್ ಬಳಸುವವರಿಗೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಇದೇ ಆಯ್ಕೆ ದೊರೆಯುತ್ತದೆ.

ಫೈಲ್‌ಗಳಿಗೆ ಹೆಸರಿಡುವ ಕೆಲಸ

ಸ್ಕ್ಯಾನ್ ಮಾಡಿದ ದಾಖಲೆಗಳ ಫೋಲ್ಡರ್ ತೆರೆದು ನೋಡಿದರೆ ಸ್ಕ್ಯಾನ್0001, ಸ್ಕ್ಯಾನ್0002 ಎಂಬ ಹೆಸರಿನ ನೂರಾರು ಫೈಲ್‌ಗಳು ಕಾಣುವುದು ಸಾಮಾನ್ಯ. ಯಾವುದರಲ್ಲಿ ಯಾರ ಪಹಣಿ ಇದೆ, ಯಾವುದು ಜಾತಿ ಪ್ರಮಾಣಪತ್ರ ಎಂದು ತಿಳಿಯಲು ಒಂದೊಂದನ್ನೂ ತೆರೆಯಬೇಕಾಗುತ್ತದೆ. ಹೆಸರು ಬದಲಾಯಿಸುವುದಕ್ಕೆ ಮೌಸ್‌ನಲ್ಲಿ ಬಲಗುಂಡಿ ಒತ್ತಿ ಪಟ್ಟಿಯಲ್ಲಿ ರಿನೇಮ್ ಹುಡುಕುವ ಬದಲು ಫೈಲನ್ನು ಒಮ್ಮೆ ಆರಿಸಿ ಎಫ್2 ಒತ್ತಿದರೆ ಹೆಸರಿನ ಭಾಗ ಮಾತ್ರ ನೀಲಿಯಾಗುತ್ತದೆ. ಚುಕ್ಕಿಯ ನಂತರ ಬರುವ ಪಿಡಿಎಫ್, ಜೆಪಿಜಿ ಎಂಬ ವಿಸ್ತರಣೆಯು ಕಾಣುವಂತಿದ್ದರೂ ಅದು ಆಯ್ಕೆಯಾಗುವುದಿಲ್ಲ. ಹಾಗಾಗಿ ನೇರವಾಗಿ ಹೊಸ ಹೆಸರನ್ನು ಬೆರಳಚ್ಚು ಮಾಡಬಹುದು, ವಿಸ್ತರಣೆ ಅಳಿಸಿಹೋಗಿ ಫೈಲ್ ತೆರೆಯದಂತಾಗುವ ಭಯವಿಲ್ಲ.

ಇಲ್ಲಿಯವರೆಗಿನದು ಅನೇಕರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಮುಂದಿನ ಹೆಜ್ಜೆ. ಹೆಸರು ಬರೆದು ಎಂಟರ್ ಒತ್ತುವ ಬದಲು ಟ್ಯಾಬ್ ಒತ್ತಿದರೆ ಆ ಹೆಸರು ಉಳಿಯುವುದರ ಜೊತೆಗೆ ಮುಂದಿನ ಫೈಲಿನ ಹೆಸರು ತಾನಾಗಿಯೇ ಬದಲಾವಣೆಗೆ ತೆರೆದುಕೊಳ್ಳುತ್ತದೆ, ಆದ್ದರಿಂದ ಫೋಲ್ಡರಿನ ಮೇಲಿನಿಂದ ಕೆಳಗಿನವರೆಗೆ ಮೌಸ್ ಮುಟ್ಟದೆ ಎಲ್ಲ ಫೈಲ್‌ಗಳಿಗೂ ಹೆಸರು ಬರೆದುಕೊಂಡು ಹೋಗಬಹುದು. ಎಲ್ಲಕ್ಕೂ ಒಂದೇ ಹೆಸರು ಸಾಕಾಗಿದ್ದರೆ, ಉದಾಹರಣೆಗೆ ಸಂಘದ ವಾರ್ಷಿಕ ಸಭೆಯ ಫೋಟೋಗಳಾಗಿದ್ದರೆ, ಅವೆಲ್ಲವನ್ನೂ ಕಂಟ್ರೋಲ್ + ಎ ಒತ್ತಿ ಆರಿಸಿ, ಎಫ್2 ಒತ್ತಿ, "ವಾರ್ಷಿಕ ಸಭೆ" ಎಂದು ಬರೆದು ಎಂಟರ್ ಕೊಟ್ಟರೆ ವಿಂಡೋಸ್ ತಾನೇ 1, 2, 3 ಎಂದು ಆವರಣದಲ್ಲಿ ಅಂಕಿ ಹಾಕಿಕೊಳ್ಳುತ್ತದೆ. ಬೇಡವೆನಿಸಿದರೆ ಕೂಡಲೇ ಕಂಟ್ರೋಲ್ + ಝಡ್ ಒತ್ತಿ ಹಳೆಯ ಹೆಸರುಗಳನ್ನು ಮರಳಿ ಪಡೆಯಬಹುದು.

ಹೆಸರಿನೊಳಗೆ ದಿನಾಂಕವನ್ನು ಸೇರಿಸುವವರು ನಾವು ಕಾಗದದ ಮೇಲೆ ಬರೆಯುವಂತೆ ಓರೆಗೆರೆ ಹಾಕಿದರೆ ವಿಂಡೋಸ್ ಒಪ್ಪುವುದಿಲ್ಲ. ಓರೆಗೆರೆ, ಕೋಲನ್ (:), ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ ಮುಂತಾದವು ಫೈಲಿನ ಹೆಸರಿನಲ್ಲಿ ನಿಷಿದ್ಧ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2025-08-12 ಎಂಬಂತೆ ಬರೆದರೆ ತೊಂದರೆಯೂ ಇಲ್ಲ, ಹೆಸರಿನ ಪ್ರಕಾರ ಜೋಡಿಸಿದಾಗ ಫೈಲ್‌ಗಳು ದಿನಾಂಕದ ಪ್ರಕಾರವೇ ಸಾಲಾಗಿ ನಿಲ್ಲುತ್ತವೆ. ಎಫ್2 ಒತ್ತಿ ಹೆಸರು ಬರೆದರೂ ಒಪ್ಪದಿದ್ದರೆ ಆ ಫೈಲ್ ವರ್ಡ್‌ನಲ್ಲೋ ಎಕ್ಸೆಲ್‌ನಲ್ಲೋ ತೆರೆದೇ ಇದೆಯೇ ಎಂದು ನೋಡಿ, ಮುಚ್ಚಿ, ಮತ್ತೆ ಪ್ರಯತ್ನಿಸಿ.

ಎಕ್ಸೆಲ್: ಎಫ್4 ಇಲ್ಲದಿದ್ದರೆ ಲೆಕ್ಕ ತಪ್ಪುವ ಜಾಗ

ಎಕ್ಸೆಲ್‌ನಲ್ಲಿಯೂ ಎಫ್2 ಇದೆ. ತುಂಬಿರುವ ಸೆಲ್ ಮೇಲೆ ನಿಂತು ನೇರವಾಗಿ ಬರೆಯತೊಡಗಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಎಫ್2 ಒತ್ತಿ ಆರಂಭಿಸಿದರೆ ಇರುವುದು ಉಳಿದು ಕರ್ಸರ್ ಅದರ ಕೊನೆಯಲ್ಲಿ ನಿಲ್ಲುತ್ತದೆ. ಸೂತ್ರವಿರುವ ಸೆಲ್ ಮೇಲೆ ಎಫ್2 ಒತ್ತಿದರೆ ಆ ಸೂತ್ರ ಯಾವ ಯಾವ ಸೆಲ್‌ಗಳಿಂದ ಅಂಕಿ ತೆಗೆದುಕೊಳ್ಳುತ್ತಿದೆಯೋ ಅವೆಲ್ಲ ಬಣ್ಣಬಣ್ಣದ ಚೌಕಟ್ಟಿನಲ್ಲಿ ಕಾಣುತ್ತವೆ, ಬೇರೆಯವರು ಮಾಡಿಟ್ಟ ಲೆಕ್ಕವನ್ನು ಪರಿಶೀಲಿಸಲು ಇದಕ್ಕಿಂತ ಸುಲಭವಾದ ದಾರಿಯಿಲ್ಲ. ನೋಡಿದ ಮೇಲೆ ಎಸ್ಕೇಪ್ ಒತ್ತಿ ಹೊರಬನ್ನಿ.

ಆದರೆ ಎಕ್ಸೆಲ್ ಬಳಸುವವರು ಒಂದೇ ಒಂದು ಫಂಕ್ಷನ್ ಕೀಲಿ ಕಲಿಯುವುದಾದರೆ ಅದು ಎಫ್4 ಆಗಿರಬೇಕು. ಕಾರಣವನ್ನು ಒಂದು ಲೆಕ್ಕದ ಮೂಲಕವೇ ಹೇಳುತ್ತೇನೆ. ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಕಳುಹಿಸುತ್ತಾರೆ ಎಂದುಕೊಳ್ಳಿ. ಎ ಕಾಲಂನಲ್ಲಿ ದಿನಾಂಕ, ಬಿ ಕಾಲಂನಲ್ಲಿ ಬಾಕ್ಸ್‌ಗಳ ಸಂಖ್ಯೆ, ಸಿ ಕಾಲಂನಲ್ಲಿ ಹರಾಜಿನಲ್ಲಿ ಒಂದು ಬಾಕ್ಸ್‌ಗೆ ಸಿಕ್ಕ ದರ, ಡಿ ಕಾಲಂನಲ್ಲಿ ಗಾಡಿ ಬಾಡಿಗೆ ಕಳೆದು ಕೈಗೆ ಬರುವ ಹಣ. ಬಾಡಿಗೆ ಬಾಕ್ಸ್‌ಗೆ 20 ರೂಪಾಯಿ ಎಂದು ಎಚ್1 ಸೆಲ್‌ನಲ್ಲಿ ಒಮ್ಮೆ ಬರೆದಿಡಲಾಗಿದೆ. ಮೊದಲ ದಿನ 40 ಬಾಕ್ಸ್, ದರ 300 ರೂಪಾಯಿ. ಡಿ2 ಸೆಲ್‌ನಲ್ಲಿ =ಬಿ2*ಸಿ2-ಬಿ2*ಎಚ್1 ಎಂದು ಬರೆದರೆ 12,000 ರೂಪಾಯಿಯಲ್ಲಿ 800 ಕಳೆದು 11,200 ಎಂದು ಸರಿಯಾಗಿಯೇ ಬರುತ್ತದೆ.

ತೊಂದರೆ ಆರಂಭವಾಗುವುದು ಆ ಸೂತ್ರವನ್ನು ಕೆಳಗಿನ ಸಾಲುಗಳಿಗೆ ಎಳೆದಾಗ. ಮುಂದಿನ ಸಾಲಿನಲ್ಲಿ ಬಿ2 ಹೋಗಿ ಬಿ3 ಆಗುವುದು ನಮಗೆ ಬೇಕಾದದ್ದೇ. ಆದರೆ ಅದರ ಜೊತೆಗೆ ಎಚ್1 ಕೂಡ ಎಚ್2 ಆಗಿಬಿಡುತ್ತದೆ, ಎಚ್2 ಖಾಲಿಯಾಗಿದೆ, ಖಾಲಿ ಸೆಲ್ಲನ್ನು ಎಕ್ಸೆಲ್ ಸೊನ್ನೆ ಎಂದು ಎಣಿಸುತ್ತದೆ. ಎರಡನೆಯ ದಿನ 55 ಬಾಕ್ಸ್, ದರ 280 ಆಗಿದ್ದರೆ ಬಾಡಿಗೆ ಕಳೆಯದೆಯೇ 15,400 ಎಂದು ತೋರಿಸುತ್ತದೆ. ನಿಜವಾಗಿ ಬರಬೇಕಾದುದು 14,300. ಯಾವ ಎಚ್ಚರಿಕೆಯ ಸಂದೇಶವೂ ಕಾಣುವುದಿಲ್ಲ, ಅಂಕಿ ನೋಡಲು ಸಹಜವಾಗಿಯೇ ಇರುತ್ತದೆ, ಸುಗ್ಗಿ ಮುಗಿಯುವವರೆಗೂ ಯಾರಿಗೂ ಅನುಮಾನ ಬಾರದೆ ಇರಬಹುದು.

ಇದನ್ನು ತಡೆಯುವ ಕ್ರಮ ಹೀಗಿದೆ. ಡಿ2 ಸೆಲ್ ಮೇಲೆ ನಿಂತು ಎಫ್2 ಒತ್ತಿ. ಬಾಣದ ಕೀಲಿಯಿಂದ ಕರ್ಸರನ್ನು ಎಚ್1 ಎಂಬುದಕ್ಕೆ ತಾಗಿಸಿ ನಿಲ್ಲಿಸಿ. ಎಫ್4 ಒಮ್ಮೆ ಒತ್ತಿ. ಅದು $ಎಚ್$1 ಎಂದು ಬದಲಾಗುತ್ತದೆ. ಎಂಟರ್ ಒತ್ತಿ, ಆಮೇಲೆ ಸೂತ್ರವನ್ನು ಕೆಳಗೆ ಎಳೆಯಿರಿ. ಡಾಲರ್ ಚಿಹ್ನೆಗೂ ಹಣಕ್ಕೂ ಇಲ್ಲಿ ಸಂಬಂಧವಿಲ್ಲ. ಅದರ ಮುಂದಿನ ಅಕ್ಷರ ಅಥವಾ ಅಂಕಿ ಕದಲಬಾರದು ಎಂಬುದಷ್ಟೇ ಅದರ ಅರ್ಥ. ಎಫ್4 ಎರಡನೆಯ ಸಲ ಒತ್ತಿದರೆ ಸಾಲು ಮಾತ್ರ, ಮೂರನೆಯ ಸಲ ಒತ್ತಿದರೆ ಕಾಲಂ ಮಾತ್ರ ಸ್ಥಿರವಾಗುತ್ತದೆ, ನಾಲ್ಕನೆಯ ಸಲಕ್ಕೆ ಎಲ್ಲ ಡಾಲರ್ ಚಿಹ್ನೆಗಳೂ ಮಾಯವಾಗುತ್ತವೆ. ಮುಂದೆ ಬಾಡಿಗೆ 25ಕ್ಕೆ ಏರಿದರೆ ಎಚ್1ರಲ್ಲಿ ಒಂದೇ ಕಡೆ ತಿದ್ದಿದರೆ ಹಿಂದಿನ ದಿನಗಳ ಲೆಕ್ಕವೂ ಬದಲಾಗಿಬಿಡುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಅಂಥ ಸಂದರ್ಭದಲ್ಲಿ ಹೊಸ ದರಕ್ಕೆ ಬೇರೆ ಸೆಲ್ ಇಟ್ಟುಕೊಳ್ಳುವುದೇ ಸರಿ. ಹಾಲಿನ ಬಟವಾಡೆ ಪಟ್ಟಿಯಲ್ಲಿ ಲೀಟರಿನ ದರ, ಕೂಲಿ ಪಟ್ಟಿಯಲ್ಲಿ ದಿನಗೂಲಿ, ಬಡ್ಡಿ ಲೆಕ್ಕದಲ್ಲಿ ಬಡ್ಡಿದರ, ಹೀಗೆ ಒಂದೇ ಅಂಕಿ ಇಡೀ ಪಟ್ಟಿಗೆ ಅನ್ವಯವಾಗುವ ಕಡೆಯಲ್ಲೆಲ್ಲ ಈ ಕ್ರಮವೇ ಬೇಕಾಗುತ್ತದೆ.

ಸೂತ್ರ ಬರೆಯದೆ ಇರುವಾಗ ಇದೇ ಎಫ್4 ಬೇರೆ ಕೆಲಸ ಮಾಡುತ್ತದೆ: ನೀವು ಕೊನೆಯದಾಗಿ ಮಾಡಿದ್ದನ್ನು ಮತ್ತೊಮ್ಮೆ ಮಾಡುತ್ತದೆ. ಒಂದು ಸಾಲಿಗೆ ಹಳದಿ ಬಣ್ಣ ತುಂಬಿದ ಮೇಲೆ ಇನ್ನೊಂದು ಸಾಲಿಗೆ ಹೋಗಿ ಎಫ್4 ಒತ್ತಿದರೆ ಅದಕ್ಕೂ ಹಳದಿ ಬರುತ್ತದೆ. ಒಂದು ಖಾಲಿ ಸಾಲು ಸೇರಿಸಿದ ಮೇಲೆ ಒತ್ತಿದರೆ ಇನ್ನೊಂದು ಸಾಲು ಸೇರುತ್ತದೆ. ವರ್ಡ್‌ನಲ್ಲಿಯೂ ಹೀಗೆಯೇ.

ಅಂಕಿ ತಿದ್ದಿದರೂ ಮೊತ್ತ ಬದಲಾಗುತ್ತಿಲ್ಲ ಎಂದಾದರೆ ಎಫ್9 ಒತ್ತಿ ನೋಡಿ. ಮೊತ್ತ ಆಗ ಬದಲಾದರೆ ಆ ಫೈಲಿನ ಲೆಕ್ಕ ಮ್ಯಾನ್ಯುಯಲ್ ಸ್ಥಿತಿಯಲ್ಲಿದೆ ಎಂದು ಅರ್ಥ. ಫಾರ್ಮುಲಾಸ್ ಎಂಬ ಪಟ್ಟಿಯಲ್ಲಿ ಕ್ಯಾಲ್ಕುಲೇಷನ್ ಆಪ್ಷನ್ಸ್ ತೆರೆದು ಆಟೊಮ್ಯಾಟಿಕ್ ಆರಿಸಿದರೆ ಮತ್ತೆ ಎಫ್9 ಒತ್ತುವ ಅಗತ್ಯ ಬೀಳುವುದಿಲ್ಲ. ಎಫ್11 ಆರಿಸಿದ ಅಂಕಿಗಳಿಂದ ಬೇರೆ ಹಾಳೆಯಲ್ಲಿ ನಕ್ಷೆಯೊಂದನ್ನು (ಚಾರ್ಟ್) ರಚಿಸುತ್ತದೆ. ನೋಡಲು ಚೆನ್ನ, ದಿನನಿತ್ಯಕ್ಕೆ ಅಷ್ಟಾಗಿ ಬೇಕಾಗದು.

ಟ್ಯಾಲಿ ಬಳಸುವವರಿಗೆ

ಈ ಕೀಲಿಗಳನ್ನು ನಿಜವಾಗಿ ಸವೆಸುವವರು ಲೆಕ್ಕಪತ್ರ ಬರೆಯುವವರು. 1981ರ ಐಬಿಎಂ ಪಿಸಿಯ ಕೀಲಿಮಣೆಯ ಎಡಬದಿಯಲ್ಲಿ ಹತ್ತು ಫಂಕ್ಷನ್ ಕೀಲಿಗಳಿದ್ದವು, ಆ ದಶಕದ ಮಧ್ಯಭಾಗದಲ್ಲಿ ಅವು ಹನ್ನೆರಡಾಗಿ ಮೇಲಿನ ಸಾಲಿಗೆ ಏರಿದವು. ಮೌಸ್ ಇನ್ನೂ ಎಲ್ಲೆಡೆ ಬಂದಿರದ ಆ ಕಾಲದ ತಂತ್ರಾಂಶಗಳು ಮುಖ್ಯ ಕೆಲಸಗಳನ್ನೆಲ್ಲ ಈ ಕೀಲಿಗಳಿಗೇ ವಹಿಸುತ್ತಿದ್ದವು. ಬೆಂಗಳೂರಿನ ಟ್ಯಾಲಿ ಆ ಪದ್ಧತಿಯನ್ನು ಇಂದಿಗೂ ಬಿಟ್ಟಿಲ್ಲ, ಬಿಡದಿರುವುದೇ ಒಳ್ಳೆಯದಾಯಿತು.

ಟ್ಯಾಲಿಯ ಮುಖ್ಯ ಪರದೆಯಿಂದ ವೋಚರ್ಸ್ ಎಂಬಲ್ಲಿಗೆ ಹೋದ ಮೇಲೆ ನೋಡಬೇಕಾದುದು ಹಣ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು. ಅಂಗಡಿಯ ನಗದನ್ನು ಬ್ಯಾಂಕಿಗೆ ಕಟ್ಟಿದರೆ ಅಥವಾ ಬ್ಯಾಂಕಿನಿಂದ ನಗದು ತೆಗೆದರೆ ಎಫ್4, ಅಂದರೆ ಕಾಂಟ್ರಾ. ವಿದ್ಯುತ್ ಬಿಲ್ ಕಟ್ಟಿದರೆ, ಸಂಬಳ ಕೊಟ್ಟರೆ, ಅಂದರೆ ಹಣ ಹೊರಗೆ ಹೋದರೆ ಎಫ್5. ಬಾಕಿದಾರರಿಂದ ಹಣ ಬಂದರೆ ಎಫ್6. ಹಣ ಕೈಬದಲಾಗದೆ ಲೆಕ್ಕದಲ್ಲಿ ಮಾತ್ರ ಹೊಂದಾಣಿಕೆ ಮಾಡುವ ಸವಕಳಿಯಂಥ ನಮೂದುಗಳಿಗೆ ಎಫ್7. ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಈ ಆರು ಕೀಲಿಗಳು ಹಳೆಯ ಟ್ಯಾಲಿ ಇಆರ್‌ಪಿ 9ರಲ್ಲಿಯೂ ಈಗಿನ ಟ್ಯಾಲಿಪ್ರೈಮ್‌ನಲ್ಲಿಯೂ ಒಂದೇ ಆಗಿರುವುದರಿಂದ ಒಮ್ಮೆ ಕಲಿತರೆ ಮರುಕಲಿಕೆ ಬೇಕಿಲ್ಲ.

ಹೊಸಬರು ಹೆಚ್ಚಾಗಿ ಎಡವುವುದು ಎಫ್2ರ ಬಳಿ. ವೋಚರ್ ಬರೆಯುವಾಗ ಎಫ್2 ಒತ್ತಿದರೆ ಆ ನಮೂದಿನ ದಿನಾಂಕ ಬದಲಾಗುತ್ತದೆ. ವರದಿ ನೋಡುವಾಗ ಯಾವ ದಿನದಿಂದ ಯಾವ ದಿನದವರೆಗೆ ಎಂಬ ಅವಧಿಯನ್ನು ಬದಲಾಯಿಸಲು ಆಲ್ಟ್ + ಎಫ್2 ಒತ್ತಬೇಕು. ನಿನ್ನೆ ಬರೆದ ನಮೂದು ಕಾಣುತ್ತಿಲ್ಲ ಎಂದು ಗಾಬರಿಪಡುವ ಮುನ್ನ ಆಲ್ಟ್ + ಎಫ್2 ಒತ್ತಿ, ಏಪ್ರಿಲ್ 1ರಿಂದ ಇಂದಿನವರೆಗೆ ಎಂದು ಅವಧಿ ಕೊಟ್ಟು ನೋಡಿ. ಬಹುತೇಕ ಸಂದರ್ಭಗಳಲ್ಲಿ ನಮೂದು ಅಲ್ಲೇ ಇರುತ್ತದೆ. ಎಫ್11 ಮತ್ತು ಎಫ್12 ಎರಡೂ ಸೌಲಭ್ಯಗಳನ್ನು ಹೊಂದಿಸುವ ಕೀಲಿಗಳಾದ್ದರಿಂದ ಲೆಕ್ಕಪರಿಶೋಧಕರನ್ನು ಕೇಳದೆ ಅಲ್ಲಿ ಏನನ್ನೂ ಬದಲಾಯಿಸದಿರುವುದು ಕ್ಷೇಮ.

ವರ್ಡ್‌ನಲ್ಲಿ ಪತ್ರ ಬರೆಯುವಾಗ, ವಿಶೇಷವಾಗಿ ಕನ್ನಡದಲ್ಲಿ

ಕಚೇರಿ ಪತ್ರಗಳನ್ನು ಯಾರೂ ಮೊದಲಿನಿಂದ ಬರೆಯುವುದಿಲ್ಲ. ಹಿಂದಿನ ಪತ್ರವನ್ನು ತೆರೆದು, ವಿಳಾಸ ಮತ್ತು ದಿನಾಂಕ ತಿದ್ದಿ, ಮುದ್ರಿಸುತ್ತಾರೆ. ಹೀಗೆ ಮಾಡುವಾಗ ಅಭ್ಯಾಸಬಲದಿಂದ ಕಂಟ್ರೋಲ್ + ಎಸ್ ಒತ್ತಿದರೆ ಹಿಂದಿನ ಪತ್ರದ ಪ್ರತಿ ಇಲ್ಲವಾಗುತ್ತದೆ. ಹಳೆಯ ಪತ್ರ ತೆರೆದ ಕೂಡಲೇ, ಒಂದಕ್ಷರವನ್ನೂ ತಿದ್ದುವ ಮೊದಲು ಎಫ್12 ಒತ್ತಿ ಹೊಸ ಹೆಸರು ಕೊಡಿ. ಸೇವ್ ಆ್ಯಸ್ ಕಿಟಕಿ ನೇರವಾಗಿ ತೆರೆದುಕೊಳ್ಳುತ್ತದೆ, ಅದರ ಕೆಳಭಾಗದ ಸೇವ್ ಆ್ಯಸ್ ಟೈಪ್ ಎಂಬ ಪಟ್ಟಿಯಲ್ಲಿ ಪಿಡಿಎಫ್ ಆರಿಸಿದರೆ ಮೇಲಧಿಕಾರಿಗಳಿಗೆ ಕಳುಹಿಸುವ ಪ್ರತಿಯೂ ಅಲ್ಲಿಂದಲೇ ಸಿದ್ಧವಾಗುತ್ತದೆ. ಎಕ್ಸೆಲ್ ಮತ್ತು ಪವರ್‌ಪಾಯಿಂಟ್‌ನಲ್ಲಿಯೂ ಎಫ್12ರ ಕೆಲಸ ಇದೇ. ಲಿಬ್ರೆಆಫೀಸ್ ಬಳಸುವವರು ಇದಕ್ಕೆ ಕಂಟ್ರೋಲ್ + ಶಿಫ್ಟ್ + ಎಸ್ ಒತ್ತಬೇಕು. ಅಲ್ಲಿ ಎಫ್12 ಒತ್ತಿದರೆ ಸಾಲುಗಳಿಗೆ ಕ್ರಮಸಂಖ್ಯೆ ಬೀಳುತ್ತದೆ.

ಕನ್ನಡ ಬೆರಳಚ್ಚುಗಾರರು ವಿಶೇಷವಾಗಿ ಎಚ್ಚರ ವಹಿಸಬೇಕಾದುದು ಶಿಫ್ಟ್ + ಎಫ್3ರ ಬಗ್ಗೆ. ಆರಿಸಿದ ಇಂಗ್ಲಿಷ್ ಪದಗಳನ್ನು ಸಣ್ಣ ಅಕ್ಷರದಿಂದ ದೊಡ್ಡ ಅಕ್ಷರಕ್ಕೂ ದೊಡ್ಡದರಿಂದ ಸಣ್ಣದಕ್ಕೂ ತಿರುಗಿಸುವುದು ಇದರ ಕೆಲಸ. ಯೂನಿಕೋಡ್‌ನಲ್ಲಿ (ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿಯಲ್ಲಿ) ಬರೆದ ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದ ಕಾರಣ ಅದರ ಮೇಲೆ ಈ ಕೀಲಿಯ ಪರಿಣಾಮವೇ ಇರುವುದಿಲ್ಲ. ಆದರೆ ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ, ಅಂದರೆ ನುಡಿ 01 ಇ ಮುಂತಾದವುಗಳಲ್ಲಿ ಬರೆದ ಪತ್ರದ ಒಳಗಿರುವುದು ನಿಜವಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟ್ ಮಾತ್ರ ಅವುಗಳನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತದೆ. ಅಂಥ ಪಠ್ಯವನ್ನು ಆರಿಸಿ ಶಿಫ್ಟ್ + ಎಫ್3 ಒತ್ತಿದರೆ ದೊಡ್ಡಕ್ಷರದ ಸಂಕೇತಗಳು ಸಣ್ಣಕ್ಷರದವಾಗಿ, ಒಂದು ಕನ್ನಡ ಅಕ್ಷರದ ಜಾಗದಲ್ಲಿ ಸಂಬಂಧವಿಲ್ಲದ ಇನ್ನೊಂದು ಅಕ್ಷರ ಬಂದು ಕೂರುತ್ತದೆ, ಇಡೀ ಪತ್ರ ಓದಲಾಗದಂತಾಗುತ್ತದೆ. ಮತ್ತೆ ಮತ್ತೆ ಅದೇ ಕೀಲಿ ಒತ್ತಿದರೆ ಸರಿಹೋಗುವುದಿಲ್ಲ, ಏಕೆಂದರೆ ಮೊದಲು ಯಾವುದು ದೊಡ್ಡದಿತ್ತು ಯಾವುದು ಸಣ್ಣದಿತ್ತು ಎಂಬ ಮಾಹಿತಿಯೇ ಕಳೆದುಹೋಗಿರುತ್ತದೆ. ಕಂಟ್ರೋಲ್ + ಝಡ್ ಒತ್ತಿ ಹಿಂದಕ್ಕೆ ಹೋಗುವುದೊಂದೇ ಉಪಾಯ, ಅದನ್ನೂ ಫೈಲ್ ಮುಚ್ಚುವ ಮೊದಲೇ ಮಾಡಬೇಕು. ಇದೇ ಕಾರಣಕ್ಕೆ ಅಂಥ ಪತ್ರದ ಮೇಲೆ ಎಫ್7 ಒತ್ತಿ ಕಾಗುಣಿತ ಪರೀಕ್ಷೆ ನಡೆಸುವುದೂ ವ್ಯರ್ಥ: ವರ್ಡ್‌ಗೆ ಅದು ತಪ್ಪುತಪ್ಪಾದ ಇಂಗ್ಲಿಷ್ ಎಂದೇ ಕಾಣುತ್ತದೆ, ಪ್ರತಿ ಪದಕ್ಕೂ ಕೆಂಪು ಗೆರೆ ಎಳೆಯುತ್ತದೆ. ಹೊಸ ಪತ್ರಗಳನ್ನಾದರೂ ಯೂನಿಕೋಡ್‌ನಲ್ಲೇ ಬರೆಯುವುದು ಮೇಲು.

ಬರಹ ತಂತ್ರಾಂಶದ ಮೂಲಕ ಕನ್ನಡ ಟೈಪ್ ಮಾಡುವವರು ಎಫ್11 ಒತ್ತಿ ಕನ್ನಡ ಮತ್ತು ಇಂಗ್ಲಿಷ್ ನಡುವೆ ಬದಲಾಯಿಸುವುದು ರೂಢಿ. ಅದು ಹಿನ್ನೆಲೆಯಲ್ಲಿ ಓಡುತ್ತಿರುವಷ್ಟು ಹೊತ್ತು ಎಫ್11ರ ಒಡೆತನ ಅದರದೇ ಆಗಿರುತ್ತದೆ; ಬ್ರೌಸರ್ ಪೂರ್ಣಪರದೆಯಾಗಲಿ ಎಂದು ಒತ್ತಿದರೆ ಭಾಷೆ ಮಾತ್ರ ಬದಲಾಗುತ್ತದೆ. ಆಮೇಲೆ ಪಾಸ್‌ವರ್ಡ್ ಬರೆಯುವಾಗ ಅಕ್ಷರಗಳು ಚುಕ್ಕಿಗಳಾಗಿ ಕಾಣುವುದರಿಂದ ಭಾಷೆ ಯಾವುದಿದೆ ಎಂದು ತಿಳಿಯುವುದಿಲ್ಲ. ಸರಿಯಾದ ಪಾಸ್‌ವರ್ಡ್ ಹಾಕಿದರೂ ಪುಟ ಒಪ್ಪುತ್ತಿಲ್ಲವೆಂದರೆ ಮೊದಲು ಇದನ್ನು ಪರೀಕ್ಷಿಸಿ.

ದೀರ್ಘ ವರದಿ ಸಿದ್ಧಪಡಿಸುವ ಪದವಿ ವಿದ್ಯಾರ್ಥಿಗಳಿಗೆ ಇನ್ನೂ ಎರಡು ಕೀಲಿಗಳು ಉಪಯುಕ್ತ. ನಿನ್ನೆ ಎಲ್ಲಿ ಬರೆಯುವುದನ್ನು ನಿಲ್ಲಿಸಿದ್ದಿರೋ ಅಲ್ಲಿಗೆ ಹೋಗಲು ಫೈಲ್ ತೆರೆದೊಡನೆ ಶಿಫ್ಟ್ + ಎಫ್5 ಒತ್ತಿ. ವಿಷಯಸೂಚಿಯಲ್ಲಿ ಪುಟಸಂಖ್ಯೆಗಳು ಹಳೆಯವಾಗಿದ್ದರೆ ಕಂಟ್ರೋಲ್ + ಎ, ಆ ನಂತರ ಎಫ್9 ಒತ್ತಿ ಅವನ್ನು ಹೊಸದಾಗಿಸಿ. ಮುದ್ರಣಕ್ಕೆ ಕೊಡುವ ಮುನ್ನ ಇದನ್ನು ಮಾಡದ ಪ್ರಾಜೆಕ್ಟ್ ವರದಿಗಳಲ್ಲಿ ವಿಷಯಸೂಚಿ ಒಂದು ಪುಟ ಹೇಳಿದರೆ ಅಧ್ಯಾಯ ಇನ್ನೊಂದು ಪುಟದಲ್ಲಿರುತ್ತದೆ. ಎಫ್8 ಎರಡು ಸಲ ಒತ್ತಿದರೆ ಪದ, ಮೂರು ಸಲ ಒತ್ತಿದರೆ ವಾಕ್ಯ, ನಾಲ್ಕು ಸಲಕ್ಕೆ ಇಡೀ ಪ್ಯಾರಾ ಆಯ್ಕೆಯಾಗುತ್ತದೆ. ಮುಗಿದ ಮೇಲೆ ಎಸ್ಕೇಪ್ ಒತ್ತಲು ಮರೆಯಬೇಡಿ, ಇಲ್ಲದಿದ್ದರೆ ಬಾಣದ ಕೀಲಿ ಒತ್ತಿದಂತೆಲ್ಲ ಆಯ್ಕೆ ಹಿಗ್ಗುತ್ತಲೇ ಹೋಗುತ್ತದೆ.

ಬ್ರೌಸರ್‌ನಲ್ಲಿ ಒತ್ತಬೇಕಾದದ್ದು, ಒತ್ತಬಾರದ್ದು

ಎಫ್5 ಒತ್ತಿದರೆ ಪುಟ ಮತ್ತೆ ಲೋಡ್ ಆಗುತ್ತದೆ ಎಂಬುದು ಎಲ್ಲರಿಗೂ ತಿಳಿದಿದೆ, ಯಾವಾಗ ಒತ್ತಬಾರದು ಎಂಬುದು ತಿಳಿದಿಲ್ಲ. ವಿದ್ಯಾರ್ಥಿವೇತನಕ್ಕೋ ಆದಾಯ ಪ್ರಮಾಣಪತ್ರಕ್ಕೋ ಅರ್ಜಿ ತುಂಬುತ್ತಿರುವಾಗ, ಸೇವ್ ಅಥವಾ ನೆಕ್ಸ್ಟ್ ಗುಂಡಿ ಒತ್ತುವ ಮೊದಲು ಎಫ್5 ಒತ್ತಿದರೆ ಬರೆದಿದ್ದೆಲ್ಲ ಹೆಚ್ಚಾಗಿ ಅಳಿಸಿಹೋಗುತ್ತದೆ. ಶುಲ್ಕ ಪಾವತಿಸಿದ ಮೇಲೆ ಪುಟ ತಿರುಗುತ್ತಲೇ ಇದ್ದರೆ ಆಗಲೂ ಒತ್ತಬಾರದು. ಅರ್ಜಿಯನ್ನು ಮತ್ತೆ ಕಳುಹಿಸಬೇಕೇ ಎಂದು ಬ್ರೌಸರ್ ಕೇಳಿದರೆ ಬೇಡವೆನ್ನಿ. ಹಣ ಕಡಿತವಾಗಿದೆಯೇ ಎಂದು ಮೊಬೈಲಿನ ಸಂದೇಶದಲ್ಲೋ ಬ್ಯಾಂಕ್ ಖಾತೆಯಲ್ಲೋ ನೋಡಿಕೊಂಡು, ಹೊಸ ಟ್ಯಾಬ್‌ನಲ್ಲಿ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿದ ನಂತರವೇ ಮುಂದಿನ ಹೆಜ್ಜೆ ಇಡಿ. ಪರೀಕ್ಷೆಯ ಫಲಿತಾಂಶ ಬರುವ ದಿನ ಪುಟ ತೆರೆಯದಿದ್ದಾಗ ಎಫ್5ನ್ನು ಬಿಡದೆ ತಟ್ಟುವುದರಿಂದಲೂ ಪ್ರಯೋಜನವಿಲ್ಲ, ಪ್ರತಿ ಸಲ ಒತ್ತಿದಾಗಲೂ ಹಿಂದಿನ ಕೋರಿಕೆ ರದ್ದಾಗಿ ಹೊಸದಾಗಿ ಕಾಯುವುದು ಆರಂಭವಾಗುತ್ತದೆ. ಪುಟ ಬದಲಾಗಿದೆ ಎಂದು ಬೇರೆಯವರು ಹೇಳಿದರೂ ನಿಮಗೆ ಹಳೆಯದೇ ಕಾಣುತ್ತಿದ್ದರೆ ಮಾತ್ರ ಕಂಟ್ರೋಲ್ + ಎಫ್5 ಒತ್ತಿ. ಕಂಪ್ಯೂಟರ್ ತನ್ನಲ್ಲಿ ಉಳಿಸಿಕೊಂಡಿದ್ದ ಪ್ರತಿಯನ್ನು ಬದಿಗಿಟ್ಟು ಎಲ್ಲವನ್ನೂ ಹೊಸದಾಗಿ ತರಿಸುತ್ತದೆ.

ಎಫ್3 ಒತ್ತಿದರೆ ಪುಟದೊಳಗೆ ಹುಡುಕುವ ಪೆಟ್ಟಿಗೆ ತೆರೆಯುತ್ತದೆ. ಉದ್ದನೆಯ ಫಲಾನುಭವಿಗಳ ಪಟ್ಟಿಯಲ್ಲಿ ಒಂದು ಹೆಸರು ಹುಡುಕಲು ಅನುಕೂಲ. ಎಫ್6 ಕರ್ಸರನ್ನು ವಿಳಾಸದ ಪಟ್ಟಿಗೆ ಒಯ್ಯುತ್ತದೆ. ಎಫ್11 ಬ್ರೌಸರನ್ನು ಪೂರ್ಣಪರದೆ ಮಾಡುತ್ತದೆ, ಮೇಲಿನ ಟ್ಯಾಬ್‌ಗಳೂ ಕೆಳಗಿನ ಟಾಸ್ಕ್‌ಬಾರೂ ಕಾಣೆಯಾಗುತ್ತವೆ. ತಿಳಿಯದೆ ಒತ್ತಿಹೋದವರು ಕಂಪ್ಯೂಟರನ್ನೇ ಆಫ್ ಮಾಡಿಬಿಡುವುದುಂಟು. ಮತ್ತೊಮ್ಮೆ ಎಫ್11 ಒತ್ತಿದರೆ ಎಲ್ಲವೂ ಮರಳುತ್ತದೆ. ಎಫ್7 ಒತ್ತಿದಾಗ ಕ್ಯಾರೆಟ್ ಬ್ರೌಸಿಂಗ್ (ಪುಟದೊಳಗೆ ಕರ್ಸರ್ ಇಟ್ಟು ಬಾಣದ ಕೀಲಿಗಳಿಂದ ಓಡಾಡುವ ಸೌಲಭ್ಯ) ಬೇಕೇ ಎಂದು ಕೇಳಿದರೆ ಬೇಡವೆಂದು ಮುಚ್ಚಿ.

ಎಫ್12ರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬ್ರೌಸರ್‌ನಲ್ಲಿ ಅದನ್ನು ಒತ್ತಿದರೆ ಪುಟದ ಪಕ್ಕದಲ್ಲೋ ಕೆಳಗೋ ಸಂಕೇತಗಳಿಂದ ತುಂಬಿದ ಡೆವಲಪರ್ ಕಿಟಕಿ ತೆರೆಯುತ್ತದೆ. ಅಕಸ್ಮಾತ್ ತೆರೆದರೆ ಹಾನಿಯೇನಿಲ್ಲ, ಮತ್ತೆ ಎಫ್12 ಒತ್ತಿ ಮುಚ್ಚಬಹುದು. ಆದರೆ ಫೋನಿನಲ್ಲಿ ಯಾರಾದರೂ "ಎಫ್12 ಒತ್ತಿ, ನಾನು ಕಳುಹಿಸಿದ್ದನ್ನು ಅಲ್ಲಿ ಪೇಸ್ಟ್ ಮಾಡಿ" ಎಂದರೆ ಮಾತು ಮುಂದುವರಿಸದೆ ಫೋನ್ ಇಡಿ, ನಿಮ್ಮ ಲಾಗಿನ್ ಕದಿಯಲು ಬಳಸುವ ದಾರಿಗಳಲ್ಲಿ ಅದೂ ಒಂದು. ಇನ್ನೊಂದು ಸಂಗತಿಯನ್ನು ವ್ಯಾಪಾರಸ್ಥರು ಗಮನಿಸಬೇಕು: ಈ ಕಿಟಕಿಯ ಮೂಲಕ ಪುಟದ ಮೇಲೆ ಕಾಣುವ ಯಾವ ಅಂಕಿಯನ್ನಾದರೂ ಯಾರು ಬೇಕಾದರೂ ತಮ್ಮ ಪರದೆಯ ಮಟ್ಟಿಗೆ ತಿದ್ದಿ ತೋರಿಸಬಹುದು. ಬ್ಯಾಂಕಿನ ಪುಟದಲ್ಲಿ 500 ಎಂದಿರುವುದನ್ನು 50,000 ಎಂದು ಮಾಡಲು ಅರ್ಧ ನಿಮಿಷ ಸಾಕು, ಬ್ಯಾಂಕಿನ ಲೆಕ್ಕದಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಹಾಗಾಗಿ ಮಾಲು ಕೊಳ್ಳಲು ಬಂದವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ "ಹಣ ಹಾಕಿದ್ದೇನೆ ನೋಡಿ" ಎಂದು ತೋರಿಸುವ ಪುಟವನ್ನು ನಂಬಿ ಮಾಲು ಲೋಡ್ ಮಾಡಬೇಡಿ, ನಿಮ್ಮದೇ ಖಾತೆಯನ್ನು ನೋಡಿಕೊಳ್ಳಿ.

ತರಗತಿಯ ಪ್ರೊಜೆಕ್ಟರ್, ಕೆಟ್ಟ ಮೌಸ್, ಮುಚ್ಚದ ಕಿಟಕಿ

ಪವರ್‌ಪಾಯಿಂಟ್‌ನಲ್ಲಿ ಪಾಠ ಮಾಡುವ ಶಿಕ್ಷಕರು ಎಫ್5 ಒತ್ತಿದರೆ ಮೊದಲ ಸ್ಲೈಡ್‌ನಿಂದ ಪ್ರದರ್ಶನ ಆರಂಭವಾಗುತ್ತದೆ. ವಿದ್ಯುತ್ ಹೋಗಿ ಬಂದ ಮೇಲೆ ಹದಿನೈದನೆಯ ಸ್ಲೈಡ್‌ನಿಂದ ಮುಂದುವರಿಸಬೇಕಾದರೆ ಆ ಸ್ಲೈಡನ್ನು ಆರಿಸಿ ಶಿಫ್ಟ್ + ಎಫ್5 ಒತ್ತಿ. ಪ್ರೊಜೆಕ್ಟರ್‌ಗೆ ಚಿತ್ರ ಕಳುಹಿಸುವ ಕೀಲಿ ಒಂದೊಂದು ಲ್ಯಾಪ್‌ಟಾಪ್‌ನಲ್ಲಿ ಒಂದೊಂದಾಗಿರುವುದರಿಂದ ಅದನ್ನು ಹುಡುಕುತ್ತಾ ಕೂರುವ ಬದಲು ವಿಂಡೋಸ್ ಕೀಲಿ + ಪಿ ಒತ್ತಿ ಡೂಪ್ಲಿಕೇಟ್ ಆರಿಸಿ, ಇದು ಎಲ್ಲ ಕಂಪನಿಯ ಯಂತ್ರಗಳಿಗೂ ಒಂದೇ.

ಮೌಸ್ ಕೈಕೊಟ್ಟಾಗ ಶಿಫ್ಟ್ + ಎಫ್10 ಬಲಗುಂಡಿಯ ಕೆಲಸ ಮಾಡುತ್ತದೆ. ಬರಿಯ ಎಫ್10 ಒತ್ತಿದರೆ ಆಫೀಸ್ ತಂತ್ರಾಂಶಗಳ ಮೇಲಿನ ಪಟ್ಟಿಯ ಪ್ರತಿ ಗುಂಡಿಯ ಮೇಲೂ ಒಂದೊಂದು ಅಕ್ಷರ ಮೂಡುತ್ತದೆ, ಆ ಅಕ್ಷರ ಒತ್ತಿದರೆ ಆ ಗುಂಡಿ ಒತ್ತಿದಂತೆಯೇ. ಹೊಸ ಮೌಸ್ ತರುವವರೆಗೆ ಪತ್ರವನ್ನು ಮುಗಿಸಿ ಮುದ್ರಿಸಲು ಇಷ್ಟು ಸಾಕು.

ಆಲ್ಟ್ + ಎಫ್4 ಮುಂದಿರುವ ಕಿಟಕಿಯನ್ನು ಪೂರ್ತಿಯಾಗಿ ಮುಚ್ಚುತ್ತದೆ, ಕಂಟ್ರೋಲ್ + ಎಫ್4 ಬ್ರೌಸರಿನ ಒಂದು ಟ್ಯಾಬನ್ನು ಮಾತ್ರ ಮುಚ್ಚುತ್ತದೆ. ಎರಡೂ ಅದಲುಬದಲಾಗಿ ಬೇಕಾದ ಟ್ಯಾಬ್ ಮುಚ್ಚಿಹೋದರೆ ಕಂಟ್ರೋಲ್ + ಶಿಫ್ಟ್ + ಟಿ ಒತ್ತಿ ಮರಳಿ ತೆರೆಯಬಹುದು. ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ ಎಂದು ಕೂಗುವ ಪುಟವೊಂದು ಪರದೆಯನ್ನೆಲ್ಲ ಆವರಿಸಿ ಮುಚ್ಚಲು ಗುಂಡಿಯನ್ನೇ ತೋರಿಸದಿದ್ದಾಗ ಆಲ್ಟ್ + ಎಫ್4 ಬಹಳ ಉಪಕಾರಿ. ಎಲ್ಲ ಕಿಟಕಿಗಳೂ ಮುಚ್ಚಿದ ಮೇಲೆ ಡೆಸ್ಕ್‌ಟಾಪ್‌ನಲ್ಲಿ ಅದನ್ನೇ ಒತ್ತಿದರೆ ಕಂಪ್ಯೂಟರ್ ಆಫ್ ಮಾಡುವ ಪೆಟ್ಟಿಗೆ ಬರುತ್ತದೆ.

ಕಂಪ್ಯೂಟರ್ ಸರಿಯಾಗಿ ಚಾಲೂ ಆಗದಿದ್ದರೆ ಎಫ್8 ತಟ್ಟಿ ಸೇಫ್ ಮೋಡ್‌ಗೆ ಹೋಗಿ ಎಂಬ ಸಲಹೆ ವಿಂಡೋಸ್ 7ರ ಕಾಲದ್ದು (ಸೇಫ್ ಮೋಡ್ ಎಂದರೆ ವಿಂಡೋಸ್ ತೀರಾ ಅಗತ್ಯವಾದುದನ್ನು ಮಾತ್ರ ಇಟ್ಟುಕೊಂಡು ಚಾಲೂ ಆಗುವ ಸ್ಥಿತಿ). ವಿಂಡೋಸ್ 10 ಮತ್ತು 11ರಲ್ಲಿ ಅದು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ; ಲಾಗಿನ್ ಪರದೆಯ ಪವರ್ ಚಿಹ್ನೆಯನ್ನು ಒತ್ತಿ, ಶಿಫ್ಟ್ ಕೀಲಿಯನ್ನು ಹಿಡಿದುಕೊಂಡೇ ರಿಸ್ಟಾರ್ಟ್ ಆರಿಸಿದರೆ ದುರಸ್ತಿಯ ಪಟ್ಟಿ ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂಬ ಕ್ರಮದಲ್ಲಿ ಮುಂದುವರಿದು ಮತ್ತೊಮ್ಮೆ ರಿಸ್ಟಾರ್ಟ್ ಕೊಟ್ಟಾಗ ಅಂಕಿಗಳಿರುವ ಪಟ್ಟಿಯೊಂದು ಬರುತ್ತದೆ. ಸೇಫ್ ಮೋಡ್‌ಗೆ ಎಫ್4, ಇಂಟರ್‌ನೆಟ್ ಸಹಿತ ಸೇಫ್ ಮೋಡ್‌ಗೆ ಎಫ್5 ಒತ್ತಿ.